ಕೆಂಪರಾಜುವಿನ ಬೆಳಕಿನ ಕಾಳು

ಹೆಂಡತಿಗೆ ವಿಜ್ಞಾನ ಹೇಳಿಕೊಡಲು ಹೊರಟ ಗಂಡನನ್ನು ಆ ಭಗವಂತನೂ ಕಾಪಾಡಲಾರ. ದೊಡ್ಡಬಳ್ಳಾಪುರದ ಕೆಂಪರಾಜುವಿಗೆ ಇದು ಗೊತ್ತಿರಲಿಲ್ಲ. ಮನೆ ಹಿಂದಿನ ಶೆಡ್ಡಿನಲ್ಲಿ ಅವನು ಹೊಸ ಪವರ್‌ಲೂಮ್ ಕೂರಿಸಿದ್ದ. ಮಗ್ಗದ ಒಂದು ಬದಿಯಿಂದ ಲೇಸರ್ ಬೆಳಕು ಹೊರಟು ಇನ್ನೊಂದು ಬದಿಯ ಗಾಜಿನ ಕಣ್ಣಿಗೆ ಬೀಳುತ್ತಿತ್ತು. ಹರಿದ ಎಳೆಯೇನಾದರೂ ನಡುವೆ ಅಡ್ಡ ಬಂದರೆ ಮಗ್ಗ ತಾನಾಗಿ ನಿಂತು ಕೆಂಪು ದೀಪ ಹತ್ತುತ್ತಿತ್ತು.

"ಬೆಳಕು ನೀರಿನ ಥರ ಹರಿಯಲ್ಲ ಕಣೇ, ಕಾಳುಕಾಳಾಗಿ ಬೀಳುತ್ತೆ. ನೂರು ವರ್ಷದ ಹಿಂದೇನೇ ಕಂಡುಹಿಡಿದವ್ರೆ. ಅದರಿಂದ್ಲೇ ಈ ಕಣ್ಣು ಕೆಲಸ ಮಾಡೋದು," ಎಂದ, ಫೋನಿನ ವಿಡಿಯೊಗಳಿಂದ ಸಂಪಾದಿಸಿದ ಪಾಂಡಿತ್ಯದಲ್ಲಿ.

"ರಾಗಿ ಥರಾನಾ?" ಎಂದಳು ಹೆಂಡತಿ ನರಸಮ್ಮ.

"ನಿಂಗೆ ಮುದ್ದೆ ಬಿಟ್ರೆ ಬೇರೇನೂ ಹೊಳೆಯಲ್ವಾ? ಈ ಮಗ್ಗ ಒಂದಿನ ಕೈಕೊಡ್ಲಿ, ಒಂದು ವಾರ ಅಡುಗೆ ನಾನೇ ಮಾಡ್ತೀನಿ!"

ನರಸಮ್ಮನ ಚಿಂತೆಯೇ ಬೇರೆಯಿತ್ತು. ತಂಗಿಯ ಮಗಳು ಸಿಂಚನಳ ಧಾರೆ ಸೀರೆ ನಮ್ಮ ಮಗ್ಗದ್ದೇ ಎಂದು ಮಾತು ಕೊಟ್ಟುಬಿಟ್ಟಿದ್ದಳು. ಮದುವೆ ಬಾಗಿಲಿಗೇ ಬಂದಿತ್ತು. ಆಯುಧಪೂಜೆಯ ಮಾರನೆಯ ದಿನವೇ ನೇಯ್ಗೆ ಶುರುವಾಗಬೇಕಿತ್ತು.

ಪೂಜೆಯ ದಿನ ಕೆಂಪರಾಜು ಯಾರನ್ನೂ ಮಗ್ಗದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಆ ಯಂತ್ರಪುರುಷನಿಗೆ ಸ್ವಹಸ್ತದಿಂದಲೇ ನಖಶಿಖಾಂತ ಅಲಂಕಾರ ಮಾಡಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದ. (ಒಂದು ಹೋಳು ಹೆಂಡತಿಯ ಹೊಸ ಸೀರೆಯನ್ನೂ ಅಲಂಕರಿಸಿತು.)

ಮಾರನೆಯ ಬೆಳಿಗ್ಗೆ ಸ್ವಿಚ್ ಒತ್ತಿದ. ಮಗ್ಗ 'ಟಕ್' ಎಂದು ನಿಂತಿತು. ಕೆಂಪು ದೀಪ! ಸಾವಿರಾರು ಎಳೆಗಳಲ್ಲಿ ಹುಡುಕಿದ, ಒಂದೂ ಹರಿದಿರಲಿಲ್ಲ. ಮತ್ತೆ ಸ್ವಿಚ್, ಮತ್ತೆ ಕೆಂಪು ದೀಪ. "ನಿನ್ ತಂಗಿ ಕಣ್ಣು ಬಿದ್ದೈತೆ ಕಣೇ!" ಎಂದು ಇನ್ನೊಂದು ಕುಂಬಳ ಒಡೆದ. ಅದು ನರಸಮ್ಮ ಹುಳಿಗೆಂದು ತಂದಿಟ್ಟಿದ್ದು.

"ಸಿಂಚನಂಗೆ ಏನಂತ ಹೇಳ್ಲಿ ನಾನು?" ನರಸಮ್ಮನಿಗೆ ಅಳು ಬಂತು. ಸೆರಗು ಸಿಕ್ಕಿಸಿಕೊಂಡು ತಾನೇ ಮಗ್ಗವನ್ನು ಸುತ್ತಿದಳು. ಆಚೆ ಬದಿಯಲ್ಲಿ ಬಗ್ಗಿ ನೋಡಿದವಳು ಗಂಡನನ್ನು ಕೂಗಿದಳು.

"ರೀ, ಇಲ್ಲಿ ಕುಂಕುಮ ಇಟ್ಟೋರು ಯಾರು?"

"ನಾನೇ! ಮಗ್ಗಕ್ಕೆಲ್ಲಾ ಮುಖ್ಯ ಆ ಗಾಜಿನ ಕಣ್ಣೇ ಅಲ್ವಾ? ಅದಕ್ಕೇ ಅರಿಶಿನ ಮೆತ್ತಿ, ಮೇಲೆ ದಪ್ಪಗೆ ಕುಂಕುಮ ಇಟ್ಟೆ."

"ನಿಮ್ ಕಣ್ಣಿಗೆ ಮೆತ್ತಿದ್ರೆ ನಿಮಗೆ ಕಾಣ್ಸುತ್ತಾ? ನಿಮ್ ಬೆಳಕಿನ ಕಾಳೆಲ್ಲಾ ಈ ಕುಂಕುಮದ ಮೇಲೇ ಬಿದ್ದು ಕೂತವೆ!"

ಒದ್ದೆ ಬಟ್ಟೆಯಿಂದ ಒರೆಸಿ ಅವಳೇ ಸ್ವಿಚ್ ಒತ್ತಿದಳು. ಮಗ್ಗ ಗಡಗಡ ಎಂದು ಹೊರಟಿತು. ಧಾರೆ ಸೀರೆಯ ಅಂಚು ಮೂಡುವುದನ್ನು ಕಂಡು ಕೆಂಪರಾಜುವಿಗೂ ಹೋದ ಜೀವ ಬಂದಂತಾಯಿತು.

"ನೋಡ್ದಾ? ನನ್ ಮಗ್ಗ ಕೈಕೊಡ್ಲಿಲ್ಲ!"

"ಪಾಪ, ಅದೇನ್ ಮಾಡ್ತು? ಕೈಕೊಟ್ಟೋರು ನೀವು. ಸೀರೆ ಮುಗಿಯೋವರ್ಗೂ ಇದನ್ನ ನಾನ್ ನೋಡ್ಕೋತೀನಿ. ಊಟದ ಹೊತ್ತಾಯ್ತು, ಹೋಗಿ ಎಸರಿಡಿ."

ಕೆಂಪರಾಜು ಒಲೆಯ ಮುಂದೆ ನಿಂತು ಫೋನ್ ತೆಗೆದ. ಈ ಸಲ ಹುಡುಕಿದ್ದು ಮುದ್ದೆ ತಿರುವುವ ವಿಡಿಯೊ. ಮಗ್ಗದ ಸದ್ದನ್ನೂ ಮೀರಿ ಶೆಡ್ಡಿನಿಂದ ಹೆಂಡತಿಯ ಕೂಗು ಬಂತು:

"ರೀ, ಬೆಳಕು ಹೆಂಗಾದ್ರೂ ಇರ್ಲಿ, ಮುದ್ದೆ ಮಾತ್ರ ಕಾಳುಕಾಳಾಗಬಾರ್ದು!"