ಬೆಚ್ಚಗಿನ ಬಾಟಲಿ

"ಇನ್ನು ಸ್ವಲ್ಪ ದಿನ ತಡಿ ಪುಟ್ಟಾ, ಆಮೇಲೆ ಪ್ರತಿ ರಾತ್ರಿ ಮನೇಲೇ ಇರ್ತೀನಿ" ಎಂದು ವೆಂಡೆಲ್ ಮಗಳು ಬ್ರೆನ್ನಾಗೆ ಮಾತು ಕೊಟ್ಟಾಗ ಅವಳಿಗೆ ಹಾಲುಹಲ್ಲು. ಈಗ ಅವಳು ಹೈಸ್ಕೂಲು. ಅವನು ಇನ್ನೂ ನೆಬ್ರಾಸ್ಕಾದ ದನದ ಮಾಂಸವನ್ನು ಸಮುದ್ರದ ದಡಕ್ಕೆ ಸಾಗಿಸುತ್ತ, ಸ್ವಂತ ಲಾರಿಯಲ್ಲೇ ಮಲಗುತ್ತಿದ್ದ.

ಕಡೆಗೂ ಊರಿನ ಡೇರಿಯವರು ಹಾಲಿನ ಟ್ಯಾಂಕರ್ ಓಡಿಸಲು ಕರೆದರು. ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ. ಉಳಿದದ್ದು ಮಾದಕದ್ರವ್ಯ ತಗೊಳ್ಳುತ್ತಾನೋ ಎಂದು ನೋಡುವ ಉಚ್ಚೆ ಪರೀಕ್ಷೆಯೊಂದೇ. ಕೆಮ್ಮಿನ ಔಷಧಿ ಕುಡಿಯಲೂ ಹೆಂಡತಿಯನ್ನು ಕೇಳುವ ವೆಂಡೆಲನಿಗೆ ಹೆದರಿಕೆ ಯಾಕೆ?

ಕ್ಲಿನಿಕ್ಕಿನಲ್ಲಿ ಲೋಟ ಕೊಟ್ಟವಳು ಡಾರ್ಲಾ. ಶಾಲೆಯಲ್ಲಿ ಅವನ ಪಕ್ಕದ ಬೆಂಚು.

"ಒಳಗೆ ಹೋಗು. ನಾನು ಬಾಗಿಲ ಹೊರಗೇ ಇರ್ತೀನಿ."

"ನೀನು ನಿಂತಿದ್ರೆ ಬರಲ್ಲ ಕಣೇ."

"ನಿಯಮ. ಹೆದರಬೇಡ, ಇಲ್ಲಿ ಎಲ್ಲಾ ಗುಟ್ಟಾಗಿರುತ್ತೆ" ಎಂದಳು ಡಾರ್ಲಾ, ಕಾಯುತ್ತ ಕೂತವರಿಗೆಲ್ಲ ಕೇಳುವಂತೆ.

"ಏನಪ್ಪಾ ವೆಂಡೆಲ್, ನಲ್ಲಿ ಕಟ್ಟಿದೆಯಾ?" ಮಂಡಿನೋವಿಗೆ ಬಂದಿದ್ದ ಪಕ್ಕದ ಮನೆಯ ಮುದುಕ ಓರ್ವಿಲ್ ಕೇಳಿದ. "ಜಲಪಾತ ನೆನೆಸ್ಕೋ."

ವೆಂಡೆಲ್ ನೆನೆಸಿಕೊಂಡ. ನೀರು ಕುಡಿದ. ಮತ್ತೆ ಕುಡಿದ. ಹೊಟ್ಟೆ ಕೋಡಿ ಬಿದ್ದ ಕೆರೆಯಂತಾದರೂ ತೂಬು ಮಾತ್ರ ಏಳಲಿಲ್ಲ. ಹೆದ್ದಾರಿಯಲ್ಲೇ ಆಯುಸ್ಸು ಕಳೆದವನಿಗೆ ಆ ಕೆಲಸ ಸಲೀಸಾಗುತ್ತಿದ್ದದ್ದು ಒಂದೇ ಕಡೆ: ಲಾರಿಯ ಸೀಟಿನಲ್ಲಿ, ಪರದೆ ಎಳೆದುಕೊಂಡು, ಖಾಲಿ ಬಾಟಲಿಗೆ. ಲಾರಿ ಹೊರಗೇ ನಿಂತಿತ್ತು.

ಡಾರ್ಲಾ ಫೋನೆತ್ತಲು ಹೋದಳು. ವೆಂಡೆಲ್ ಮೆಲ್ಲನೆ ಜಾರಿದ. ಬರುವಾಗ ಎರಡೂ ಕೈಯಲ್ಲಿ ತೀರ್ಥದಂತೆ ಬಾಟಲಿ ಹಿಡಿದಿದ್ದ.

"ತಗೋ, ಇನ್ನೂ ಬೆಚ್ಚಗಿದೆ. ಎಷ್ಟು ಬೇಕೋ ಬಗ್ಗಿಸ್ಕೋ."

ಡಾರ್ಲಾ ಬಾಟಲಿ ಮುಟ್ಟದೆ ಹಿಂದೆ ಸರಿದಳು. "ಮಧ್ಯದಲ್ಲಿ ಎದ್ದುಹೋದ್ರೆ ಪರೀಕ್ಷೆಗೆ ಒಲ್ಲೆ ಅಂದ ಹಾಗೆ. ಒಲ್ಲೆ ಅಂದ್ರೆ ಮಾದಕದ್ರವ್ಯ ತಗೊಂಡ ಹಾಗೇ ಲೆಕ್ಕ."

"ಇದು ನಂದೇ ಕಣೇ."

"ಯಾರದೋ, ನಂಗೇನು ಗೊತ್ತು?"

"ಅವನದೇ," ಓರ್ವಿಲ್ ಕೈಯೆತ್ತಿದ. "ಲಾರಿ ಹತ್ತಿದ್ದನ್ನ ಕಿಟಕೀಲಿ ನೋಡಿದೆ. ನಾನೇ ಸಾಕ್ಷಿ."

"ಸರಿ. ಹೊರಗೆ ಹೋದದ್ದಕ್ಕೂ ನೀವೇ ಸಾಕ್ಷಿ" ಎಂದು ಡಾರ್ಲಾ ಅವನ ಹೆಸರನ್ನೂ ಬರೆದುಕೊಂಡಳು. ಆಮೇಲೆ ವೆಂಡೆಲನಿಗೆ ತಿಳಿಹೇಳಿದಳು: "ಇದು ಸರ್ಕಾರ ಇಟ್ಟಿರೋ ಚಾಲಕರ ದಾಖಲೆ ಸೇರುತ್ತೆ. ಮುಂದೆ ಕೆಲಸ ಕೊಡೋರು ನೋಡಬೇಕಾದ್ರೂ ನೀನು ಒಪ್ಪಬೇಕು."

"ಒಪ್ಪದಿದ್ರೆ?"

"ಕೆಲಸ ಕೊಡಲ್ಲ."

"ಒಪ್ಪಿದ್ರೆ?"

"ನೋಡ್ತಾರಲ್ಲ, ಆಗಲೂ ಕೊಡಲ್ಲ. ಸ್ವಂತ ಲಾರೀನೂ ಓಡಿಸೋ ಹಾಗಿಲ್ಲ. ಆದ್ರೆ ಬೇರೆ ಒಂದು ನರಪಿಳ್ಳೆಗೂ ಗೊತ್ತಾಗಲ್ಲ, ಅದು ಕಾನೂನು."

ಹಿಂದೆ ಓರ್ವಿಲ್ ಆಗಲೇ ಹೆಂಡತಿಗೆ ಫೋನು ಹಚ್ಚಿದ್ದ.

ವೆಂಡೆಲ್ ಮನೆ ಮುಟ್ಟುವಷ್ಟರಲ್ಲಿ ಚರ್ಚಿನ ಹೆಂಗಸರು ಕಷ್ಟ ಬಂದ ಮನೆಗೆ ಒಯ್ಯುವ ಆಲೂಗಡ್ಡೆ-ಚೀಸಿನ ತಟ್ಟೆಯನ್ನೂ ಚಟ ಬಿಡಿಸುವ ಕೂಟದ ವಿಳಾಸವನ್ನೂ ಕೊಟ್ಟುಹೋಗಿದ್ದರು. ಸಂಜೆ ಡೇರಿಯವರು ಫೋನು ಮಾಡಿದರು. ವಿಷಯ ಗುಟ್ಟಾಗೇ ಇಡುತ್ತಾರಂತೆ, ಕೆಲಸ ಮಾತ್ರ ಇಲ್ಲವಂತೆ.

ಬ್ರೆನ್ನಾ ತಟ್ಟೆಯ ಮೂಲೆ ಕೆರೆಯುತ್ತ ಕೇಳಿದಳು, "ಅಪ್ಪಾ, ಮತ್ತೆ ಯಾವಾಗ ಹೊರಡೋದು?"

"ಹೊರಡಲ್ಲ."

ಅವತ್ತಿನಿಂದ ವೆಂಡೆಲ್ ಪ್ರತಿ ರಾತ್ರಿ ಮನೆಯಲ್ಲೇ ಇದ್ದಾನೆ. ಕೊಟ್ಟ ಮಾತು ನಡೆಯಿತು.