ಮಾವ ಓದದೆ ಬಿಟ್ಟ ಪುಟಗಳು

ನನ್ನ ಸೋದರಮಾವ ತಮ್ಮ ಜನ್ಮದಲ್ಲಿ ಒಂದು ಪುಸ್ತಕವನ್ನೂ ಪೂರ್ತಿ ಓದಿದವರಲ್ಲ. ಹಾಗಿದ್ದೂ ಅವರಷ್ಟು ಕಾದಂಬರಿ ಓದಿದವರು ಇಡೀ ನಂಜನಗೂಡಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸಲು ಸಿದ್ಧ! ಇದೆಂಥ ಲೆಕ್ಕ ಎನ್ನುತ್ತೀರಾ? ಕೊನೆಯ ನಾಲ್ಕಾರು ಪುಟ ಉಳಿದಿರುವಾಗ ಮಾವ ಅಲ್ಲಿಗೊಂದು ಬಸ್ ಟಿಕೆಟ್ ಸಿಕ್ಕಿಸಿ, ಪುಸ್ತಕ ಮುಚ್ಚಿ, ಕನ್ನಡಕ ತೆಗೆದುಬಿಡುತ್ತಿದ್ದರು. ಎಂಥ ಕಾದಂಬರಿಯಾದರೂ ಸರಿ, ಗತಿ ಇಷ್ಟೇ.

ತೊಂಬತ್ತರ ದಶಕದ ಮಾತಿದು. ಮಾವ ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ವಾರವೆಲ್ಲ ಶಿಫ್ಟು ಮುಗಿಸಿ ಲೈಬ್ರರಿ ಪುಸ್ತಕ ಓದುವುದು, ಭಾನುವಾರ ತಿ. ನರಸೀಪುರದ ನಮ್ಮ ಮನೆಗೆ ಬಂದು ಆ ಕತೆಯನ್ನು ನಮ್ಮಮ್ಮನಿಗೆ ಹೇಳುವುದು. ಅಮ್ಮ ಅವರ ಅಕ್ಕ. ಶಾಲೆಗೆ ಸೇರಿದ ಹೊಸದರಲ್ಲೇ ಬಿಡಿಸಿದ್ದರಿಂದ ಅವಳಿಗೆ ಓದು ಬರುತ್ತಿರಲಿಲ್ಲ.

ಕತೆ ಹೇಳುವುದೆಂದರೂ ಕತೆಯ ಹಾಗೆ ಹೇಳುತ್ತಿರಲಿಲ್ಲ. ಪುಸ್ತಕದ ಜನರೆಲ್ಲ ನಮ್ಮ ಬೀಗರ ಪೈಕಿ ಎನ್ನುವಂತೆ ಹೇಳುತ್ತಿದ್ದರು. ಒಮ್ಮೆ ನಮ್ಮ ಮನೆ ತಲುಪುವ ತನಕ ತಡೆಯಲಾರದೆ ಬಸ್ಸಿನಲ್ಲೇ ಕಂಡಕ್ಟರಿಗೆ ಶುರುಹಚ್ಚಿದರು. ಟೀಚರ್ ಕೆಲಸದ ಹುಡುಗಿ, ಗುಣ ಅಪ್ಪಟ ಚಿನ್ನ, ವಯಸ್ಸು ಮೀರುತ್ತಿದೆ, ಒಂದು ಒಳ್ಳೆಯ ಗಂಡು ಸಿಕ್ಕುತ್ತಿಲ್ಲ ಎಂದು. ಹಿಂದಿನ ಸೀಟಿನಲ್ಲಿದ್ದ ಸೋಸಲೆಯ ಹೆಂಗಸೊಬ್ಬರು ಎಲ್ಲವನ್ನೂ ಕೇಳಿಸಿಕೊಂಡರು, ಮಾವನ ಗುರುತು ವಿಚಾರಿಸಿದರು, ಮುಂದಿನ ಭಾನುವಾರ ತಮ್ಮನ ಜಾತಕ ಹಿಡಿದು ನಮ್ಮ ಮನೆಗೇ ಬಂದರು! ಅಮ್ಮ ಕಾಫಿ ಕೊಟ್ಟು, ಆ ಹುಡುಗಿ ಇರುವುದು ಪುಸ್ತಕದಲ್ಲಿ ಎಂದು ತಿಳಿಸಿ ಹೇಳುವಷ್ಟರಲ್ಲಿ ಬೆವೆತುಹೋದಳು. ಮಾವ ಮಾತ್ರ ಜಾತಕವನ್ನು ಗಂಭೀರವಾಗಿ ನೋಡುತ್ತಿದ್ದರು. ಆಕೆ ಹೋದಮೇಲೆ, "ಗಂಡು ಪರವಾಗಿಲ್ಲ ಕಣಕ್ಕ, ಆ ಬರ್ದೋರ್ಗೆ ಒಂದ್ಮಾತು ಏಳ್ಬೋದಿತ್ತು" ಎಂದರು.

ಇಷ್ಟೆಲ್ಲ ಹಚ್ಚಿಕೊಂಡವರು ಕೊನೆ ಮಾತ್ರ ಹೇಳುತ್ತಿರಲಿಲ್ಲ. ಓದಿದ್ದರೆ ತಾನೆ ಹೇಳುವುದು? ಅಮ್ಮ ಗೋಗರೆದರೆ, "ಪುಸ್ತಕದಲ್ಲೇ ಅದೆ ಕಣಕ್ಕ, ನೋಡ್ಕೊ" ಎಂದು ಅದನ್ನು ಕಿಟಕಿಯಲ್ಲಿಟ್ಟು ಊಟಕ್ಕೆ ಕೂರುತ್ತಿದ್ದರು. ನಾನು ಆಗ ಹೈಸ್ಕೂಲು. ಓದಿ ಹೇಳಲು ನನಗೇನು ಕಷ್ಟ? ಆದರೆ ಮಾವ ಮೊದಲೇ ಒಂದು ಚಿಪ್ಪು ರಸಬಾಳೆ ಕೊಟ್ಟು ನನ್ನ ಬಾಯಿ ಕಟ್ಟಿಹಾಕಿದ್ದರು. ಹಣ್ಣು ಎಷ್ಟು ಸಿಹಿಯಾಗಿತ್ತೆಂದರೆ ಅಮ್ಮನ ಬೈಗುಳ ನನಗೆ ಕೇಳಿಸುತ್ತಲೇ ಇರಲಿಲ್ಲ.

ಹೀಗೆ ಅದೆಷ್ಟೋ ಕತೆಗಳು ಅರ್ಧಕ್ಕೇ ನಿಂತವು. ಅಮ್ಮ ಒಂದೆರಡು ದಿನ ಗೊಣಗಿ ಸುಮ್ಮನಾಗುತ್ತಿದ್ದಳು. ಆದರೆ ಒಂದು ಸಲ ಸುಮ್ಮನಾಗಲಿಲ್ಲ. ಗಂಡನ ಮನೆ ಬಿಟ್ಟು ಬಂದ ಹೆಂಗಸೊಬ್ಬಳು ಕೂಸಿನ ಜೊತೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಬರುವ ಬಸ್ಸು ಹತ್ತುತ್ತಾಳೋ, ತಿರುಗಿ ಆ ಮನೆಗೇ ಹೋಗುತ್ತಾಳೋ? ಮಾವ ಸರಿಯಾಗಿ ಅಲ್ಲಿಗೇ ಟಿಕೆಟ್ ಸಿಕ್ಕಿಸಿಬಿಟ್ಟರು. ಅಮ್ಮನದು ಒಲೆಯ ಮುಂದೆಯೂ ಅದೇ ಮಾತು, ನೀರು ಹಿಡಿಯುವಾಗಲೂ ಅದೇ ಮಾತು. ನಮ್ಮ ಬೀದಿಯ ಶಾಲೆಯ ಜಗುಲಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಈ ವಯಸ್ಸಿಗೆ ಸ್ಲೇಟು ಹಿಡಿಯಬೇಕೇ ಎಂದು ನಗುತ್ತಿದ್ದ ಅಮ್ಮ ಒಂದು ಸಂಜೆ ಯಾರಿಗೂ ಹೇಳದೆ ಅಲ್ಲಿ ಹೋಗಿ ಕೂತಳು.

ಕಲಿಯಲು ತಿಂಗಳುಗಳೇ ಹಿಡಿದವು. ಗಡುವು ಮುಗಿದಾಗಲೆಲ್ಲ ಮಾವ ಪುಸ್ತಕವನ್ನು ನಂಜನಗೂಡಿಗೆ ಒಯ್ದು, ಮತ್ತೆ ತಮ್ಮ ಹೆಸರಿಗೇ ಬರೆಸಿ, ಮತ್ತೆ ನಮ್ಮ ಕಿಟಕಿಗೆ ತಂದಿಡುತ್ತಿದ್ದರು. ಬಾಯಿಪಾಠ ಮಾಡುತ್ತಿದ್ದೀರಾ ಎಂದು ಲೈಬ್ರರಿಯವರು ಕೇಳಿದರಂತೆ.

ಕಡೆಗೊಂದು ಭಾನುವಾರ ಅಮ್ಮ ಟಿಕೆಟ್ ಇದ್ದ ಪುಟ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಮಾವ ನೆಲದ ಮೇಲೆ ಮಂಡಿ ಅಪ್ಪಿಕೊಂಡು ಕೂತಿದ್ದರು. ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಯ ಸಾಲು: "ಬಸ್ಸು ಬಂದು ನಿಂತಿತು. ಅವಳು ಮಗುವನ್ನು ಎತ್ತಿಕೊಂಡಳು."

ಅಮ್ಮ ಹಾಳೆ ತಿರುಗಿಸಿದಳು. ಖಾಲಿ.

"ಹತ್ತಿದ್ಲೋ ಇಲ್ವೋ ಬರ್ದೇ ಇಲ್ವಲ್ಲೋ! ಇದ್ಕಾ ನಾನು ಇಷ್ಟ್ ದಿನ ಕಲ್ತಿದ್ದು?"

ನನಗೆ ನಗು ತಡೆಯಲಾಗಲಿಲ್ಲ. ಮಾವ ನಗಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು.

"ನನಗೂ ಈಗ್ಲೇ ಗೊತ್ತಾಗಿದ್ದು ಕಣಕ್ಕ. ನನ್ನ ಎತ್ಕೊಳೋಕೆ ಯಾರೂ ಇಲ್ಲ ಅಂತ ತಾನೆ ಅಪ್ಪ ನಿನ್ನ ಸ್ಕೂಲ್ ಬಿಡ್ಸಿದ್ದು? ನಿನಗೆ ಓದೋಕಾಗ್ದೆ ಇರೋದ್ನ ನಾನೊಬ್ನೆ ಎಂಗೆ ಪೂರ್ತಿ ಓದ್ಲಿ?"

ಅಮ್ಮ ಸೆರಗಿನಿಂದ ಪುಸ್ತಕದ ಧೂಳು ಒರೆಸಿದಳು, ಆಮೇಲೆ ಅದೇ ಸೆರಗಿನಿಂದ ಕಣ್ಣು. ಮಾವ ಬಸ್ಸಿಗೆ ಹೊರಟಾಗ ಬಾಗಿಲ ತನಕ ಬಂದಳು.

"ಆ ಹಳೇ ಪುಸ್ತಕನೆಲ್ಲ ಒಂದೊಂದಾಗಿ ತಂದ್ಕೊಡು ಕಣೋ. ಪಾಪ, ಎಲ್ರೂ ಎಲ್ಲೆಲ್ಲಿ ನಿಂತವ್ರೋ."