ಸಾಮಾನ್ಯ ಸಭೆಯ ಹಿಂದಿನ ಬೆಂಚು

ವಯಸ್ಸಾದ ಹೆಂಗಸು ಮನೆಯಿಂದ ಹೊರಗೆ ಕಾಲಿಡಬೇಕಾದರೆ ಒಂದು ಕೆಲಸ ಇರಬೇಕು. ಆಸ್ಪತ್ರೆ ಆಗುತ್ತದೆ, ಮದುವೆ ಆಗುತ್ತದೆ, ಸಾವಿನ ಮನೆಯಂತೂ ಬಹಳ ಒಳ್ಳೆಯದು, ಯಾರೂ ತಡೆಯುವುದಿಲ್ಲ. ಸುಮ್ಮನೆ ಒಬ್ಬಳ ಹತ್ತಿರ ಕೂತು ಮಾತಾಡಿ ಬರುತ್ತೇನೆ ಎಂದರೆ ಮಾತ್ರ ತಲೆ ಸರಿ ಇದೆಯೋ ಎಂಬಂತೆ ಮುಖ ನೋಡುತ್ತಾರೆ. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ತಿಂಗಳು ತಿಂಗಳು ನಾನು ಪುರಸಭೆಯ ಸಾಮಾನ್ಯ ಸಭೆಗೆ ಹೋಗಿ ಕೂರುತ್ತಿದ್ದದ್ದು ಊರಿನ ಉದ್ಧಾರಕ್ಕಲ್ಲ, ಐಸಮ್ಮನನ್ನು ನೋಡಲಿಕ್ಕೆ.

ಐಸಮ್ಮನ ಮನೆ ಹೆದ್ದಾರಿಯ ಆಚೆ, ನಮ್ಮದು ಈಚೆ. ಮೊದಲು ಅದು ಹೆದ್ದಾರಿಯೇ ಅಲ್ಲ, ಬರೀ ರಸ್ತೆ. ಮಧ್ಯಾಹ್ನ ಊಟ ಮುಗಿಸಿ, ಬೀಡಿಯ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆಯನ್ನು, ಅಂದರೆ ಮೊರವನ್ನು, ಸೊಂಟಕ್ಕಿಟ್ಟುಕೊಂಡು ದಾಟಿದರೆ ಅವಳ ಜಗಲಿ. ಇಬ್ಬರೂ ಮಡಿಲಲ್ಲಿ ತಡ್ಪೆ ಇಟ್ಟು ಸಂಜೆಯವರೆಗೆ ಬೀಡಿ ಕಟ್ಟುತ್ತಿದ್ದೆವು. ಕೈ ಅದರಷ್ಟಕ್ಕೆ ಕಟ್ಟುತ್ತಿತ್ತು, ಬಾಯಿ ಅದರಷ್ಟಕ್ಕೆ ಓಡುತ್ತಿತ್ತು. ಅವಳ ಗಂಡ ಗಲ್ಫಿನಿಂದ ತಂದ ಸೆಂಟಿನ ವಾಸನೆ ಹೊಗೆಸೊಪ್ಪಿನ ಘಾಟಿನೊಡನೆ ಸೇರಿ ಒಂದು ವಿಚಿತ್ರ ವಾಸನೆ ಆಗುತ್ತಿತ್ತು. ಈಗಲೂ ಯಾವುದಾದರೂ ಬಸ್ಸಿನಲ್ಲಿ ಸೆಂಟು ಮೂಗಿಗೆ ಬಿದ್ದರೆ ನಾನು ತಿರುಗಿ ನೋಡುತ್ತೇನೆ. ಆಗ ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬೀಡಿ ಕಟ್ಟುವುದು ಕೆಲಸ. ಮಾತು ಅದರ ಜೊತೆ ಪುಕ್ಕಟೆ ಬರುತ್ತಿತ್ತು.

ಮೊದಲು ಇಬ್ಬರ ಕಣ್ಣೂ ಮಂಜಾಗಿ ಬೀಡಿ ನಿಂತಿತು. ಆಮೇಲೆ ರಸ್ತೆ ಅಗಲವಾಗಿ, ಬಿ.ಸಿ.ರೋಡಿನ ಕಡೆ ಹೋಗುವ ಬಸ್ಸುಗಳಿಗೆ ಮೇಲಿನ ದಾರಿ ಮಾಡಲು ನಡುವೆ ಮಣ್ಣು ತುಂಬಿ ಗೋಡೆ ಎಬ್ಬಿಸಿದರು. ಈಗ ನಮ್ಮ ಅಂಗಳದಿಂದ ಐಸಮ್ಮನ ಮನೆಯದು ಅಂತ ಕಾಣುವುದು ತಾರಸಿಯ ಮೇಲಿನ ನೀಲಿ ನೀರಿನ ಟ್ಯಾಂಕ್ ಒಂದೇ. ಬೆಳಿಗ್ಗೆ ಮುಖ ತೊಳೆದು ನಾನು ಆ ಟ್ಯಾಂಕನ್ನು ನೋಡುತ್ತೇನೆ. ಟ್ಯಾಂಕ್ ಮಾತಾಡುವುದಿಲ್ಲ. ಫೋನಿನಲ್ಲಿ ಮಾತಾಡುವ ಎಂದರೆ ಅವಳಿಗೆ ಕಿವಿ ಕೇಳುವುದಿಲ್ಲ, ಎದುರು ಕೂತು ಬಾಯಿ ನೋಡಿದರೆ ಮಾತ್ರ ತಿಳಿಯುತ್ತದೆ. ನಾನು ಹೇಳಿದ್ದಕ್ಕೆಲ್ಲ "ಇನ್‌ಶಾ ಅಲ್ಲಾ" ಎಂದು ಇಟ್ಟುಬಿಡುತ್ತಾಳೆ. ಗೋಡೆ ಮುಗಿಯುವಲ್ಲಿಗೆ ಹೋಗಿ ಸುತ್ತಿ ಬರಲು ರಿಕ್ಷಾ ಬೇಕು. ಒಮ್ಮೆ ಮಗನಿಗೆ ಹೇಳಿದೆ. "ಎಂತಕ್ಕಮ್ಮ? ಅಲ್ಲಿ ಏನಾದ್ರೂ ವಿಶೇಷ ಉಂಟಾ?" ಎಂದ. ವಿಶೇಷ ಏನೂ ಇರಲಿಲ್ಲ.

ಹಾಗಾಗಿ ನಮ್ಮ ವಾರ್ಡಿನ ಸದಸ್ಯ ಹರೀಶನನ್ನು ಹಿಡಿದೆ. ಮೂಗು ಸುರಿಸಿಕೊಂಡು ನಮ್ಮ ಗೇರುಹಣ್ಣು ಕದಿಯುತ್ತಿದ್ದವನು, ಈಗ ಬಿಳಿ ಅಂಗಿ. ಗೋಡೆಯಲ್ಲಿ ಒಂದು ಅಂಡರ್‌ಪಾಸ್ ಮಾಡಿಸು ಎಂದೆ. ಸಭೆಯಲ್ಲಿ ಕೇಳುತ್ತೇನೆ ಎಂದ. ನೀನು ಕೇಳುವುದನ್ನು ನಾನು ನೋಡಬೇಕು ಎಂದು ನಾನೂ ಹೊರಟೆ. ಪುರಸಭೆಯ ಕಚೇರಿ ನಮ್ಮ ಬದಿಯಲ್ಲೇ ಇದೆ, ನಡೆದೇ ಹೋದೆ.

ಸಭೆ ನೋಡಿ ನನಗೆ ನಗು ಬಂತು. ಸದಸ್ಯರು ಒಬ್ಬರ ಮೇಲೆ ಒಬ್ಬರು ಎದ್ದು ಕೇಳುತ್ತಾರೆ: ನೀರು ಯಾಕೆ ಬರಲಿಲ್ಲ, ಒಳಚರಂಡಿ ಎಲ್ಲಿಗೆ ಮುಟ್ಟಿತು, ದೊಡ್ಡ ಮಾರುಕಟ್ಟೆ ಯಾವಾಗ ಮುಗಿಯುತ್ತದೆ. ಅಧ್ಯಕ್ಷೆ ಮುಖ್ಯಾಧಿಕಾರಿಯನ್ನು ನೋಡುತ್ತಾರೆ, ಮುಖ್ಯಾಧಿಕಾರಿ ಇಂಜಿನಿಯರನ್ನು ನೋಡುತ್ತಾನೆ, ಇಂಜಿನಿಯರ್ ಫ್ಯಾನ್ ನೋಡುತ್ತಾನೆ. ಉತ್ತರ ಬರುವ ಹೊತ್ತಿಗೆ ಕೇಳಿದವನು ಕೂತು ಪಕ್ಕದವನ ಜೊತೆ ಗೋಳಿಬಜೆ ತಿನ್ನುತ್ತಿರುತ್ತಾನೆ. ಇವರಿಗೆ ಕೇಳುವುದು ಬೇಕು, ಉತ್ತರ ಬೇಡ ಎಂದುಕೊಂಡೆ.

ಆಗ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಸೆಂಟಿನ ವಾಸನೆ ಬಂತು. ತಿರುಗಿದರೆ ಐಸಮ್ಮ! ಆಚೆ ವಾರ್ಡಿನ ಸದಸ್ಯ ರಝಾಕನನ್ನು ಅವಳೂ ಹಿಡಿದಿದ್ದಳು, ಅದೇ ಅಂಡರ್‌ಪಾಸಿಗೆ. ಅವನು ಕಾರಿನಲ್ಲಿ ಸುತ್ತು ಹಾಕಿ ಕರೆತಂದಿದ್ದ. ಸಣ್ಣಗಾಗಿದ್ದಳು. ನನ್ನ ಕೈ ಹಿಡಿದು ಬೆರಳುಗಳನ್ನು ಒತ್ತಿ ನೋಡಿದಳು, ಬೀಡಿಯ ನೂಲಿನ ಗಾಯದ ಗೆರೆ ಇದೆಯೋ ಎಂದು. ಇತ್ತು.

ಹರೀಶ ಎದ್ದು ಅಂಡರ್‌ಪಾಸ್ ಕೇಳಿದ. ಅದು ನಮ್ಮ ಕೈಯಲ್ಲಿಲ್ಲ, ಹೆದ್ದಾರಿಯವರಿಗೆ ಬರೆದಿದ್ದೇವೆ ಎಂದ ಮುಖ್ಯಾಧಿಕಾರಿ. ಸಭೆ ಒಂದು ಗಳಿಗೆ ತಣ್ಣಗಾಯಿತು. ಆ ಗಳಿಗೆಯಲ್ಲೇ ಐಸಮ್ಮ, ಕಿವಿ ಕೇಳದವರ ದೊಡ್ಡ ಸ್ವರದಲ್ಲಿ, "ನಿನ್ನ ಸೊಸೆ ಈಗಲೂ ಸಾರಿಗೆ ಹುಳಿ ಜಾಸ್ತಿ ಹಾಕ್ತಾಳಾ ಮಾರಾಯ್ತಿ?" ಎಂದಳು.

ಯಾರದು ಹಿಂದೆ ಮಾತಾಡುವುದು ಎಂದರು ಅಧ್ಯಕ್ಷೆ.

"ಸಾರ್ವಜನಿಕರ ಆಕ್ರೋಶ, ಅಧ್ಯಕ್ಷರೇ," ಎಂದ ಹರೀಶ.

ಮರುದಿನ ಪೇಪರಿನಲ್ಲಿಯೂ ಹಾಗೇ ಬಂತು: ಅಂಡರ್‌ಪಾಸಿಗಾಗಿ ವೃದ್ಧೆಯರ ಆಕ್ರೋಶ. ಮೂಡುಬಿದಿರೆಯಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ಗೆಳತಿಯರಿಗೆಲ್ಲ ಕಳಿಸಿದಳು. ಅಲ್ಲಿಂದ ಮುಂದೆ ಮನೆಯಲ್ಲಿ ನನಗೆ ಮರ್ಯಾದೆ. ಸಭೆಯ ದಿನ ಸೊಸೆಯೇ ಸೀರೆಗೆ ಇಸ್ತ್ರಿ ಹಾಕಿ, "ಅತ್ತೆಗೆ ಇವತ್ತು ಪುರಸಭೆ ಉಂಟು," ಎಂದು ಗಂಡನಿಗೆ ಹೇಳಿ ನನಗೆ ಬೇಗ ಬಡಿಸುತ್ತಿದ್ದಳು. ಹುಳಿ ಜಾಸ್ತಿಯೇ, ಆದರೆ ಹೇಳಲು ಬಾಯಿ ಬರುತ್ತಿರಲಿಲ್ಲ. ಐಸಮ್ಮನನ್ನು ರಝಾಕ ಪ್ರತಿ ತಿಂಗಳೂ ಕಾರಿನಲ್ಲಿ ಕರೆತರುತ್ತಿದ್ದ. ಎದುರಿಗೆ ಸದಸ್ಯರು ಮೇಜು ಕುಟ್ಟುತ್ತಿದ್ದರೆ, ಹಿಂದೆ ನಾವು ಸತ್ತವರ, ಹೆತ್ತವರ ಲೆಕ್ಕ ಮುಗಿಸುತ್ತಿದ್ದೆವು. ಗಲಾಟೆ ಜೋರಾದಷ್ಟು ನಮಗೆ ಒಳ್ಳೆಯದು, ಐಸಮ್ಮನ ಸ್ವರ ಅದರಲ್ಲಿ ಮುಳುಗುತ್ತಿತ್ತು.

ಮೊನ್ನೆ ಮಳೆಗಾಲ ಮುಗಿಯುತ್ತಲೇ ಹರೀಶ ಲಾಡಿನ ಪೊಟ್ಟಣ ಹಿಡಿದು ಮನೆಗೆ ಬಂದ. "ದೊಡ್ಡಮ್ಮ, ನಿಮ್ಮ ಅಂಡರ್‌ಪಾಸ್ ಪಾಸಾಯ್ತು. ಇನ್ನು ನೀವು ಅಲ್ಲಿ ಬಂದು ಕೂತು ಬೆನ್ನು ನೋಯಿಸ್ಕೊಳ್ಳೋದು ಬೇಡ."

ಕೆಲಸ ಯಾವಾಗ ಶುರು ಎಂದು ಕೇಳಿದೆ. ಟೆಂಡರ್ ಆಗಬೇಕು, ಎರಡು ವರ್ಷವೋ ಮೂರೋ, ಎಂದ. ಹಾಗಾದರೆ ಮುಂದಿನ ಸಭೆಯಲ್ಲಿ ಅದನ್ನೇ ಕೇಳು ಎಂದೆ. ಪಾಸಾದದ್ದನ್ನು ಹೇಗೆ ಕೇಳುವುದು ದೊಡ್ಡಮ್ಮ ಎಂದು ನಕ್ಕ. ಎರಡು ಮೂರು ವರ್ಷ ಅವನಿಗೆ ಸಣ್ಣದು. ನಮ್ಮ ಪ್ರಾಯದಲ್ಲಿ ಅದನ್ನು ಯಾರು ಪಾಸು ಮಾಡಿಕೊಡುತ್ತಾರೆ? ಲಾಡಿನ ಪೊಟ್ಟಣವನ್ನು ಬಿಚ್ಚದೆ ಸೊಸೆಯ ಕೈಗೆ ಕೊಟ್ಟೆ.

ಮುಂದಿನ ಸಭೆಗೂ ಹೋದೆ. ಸೊಸೆಗೆ ಚರಂಡಿಯ ವಿಷಯ ಎಂದೆ. ಬೆಂಚಿನಲ್ಲಿ ನಾನೊಬ್ಬಳೇ. ಚರಂಡಿಯ ಚರ್ಚೆಯನ್ನು ಪೂರ್ತಿ ಕೇಳಿದವಳು ಆ ಕೋಣೆಯಲ್ಲಿ ನಾನು ಮಾತ್ರ ಇರಬೇಕು. ಬಾಗಿಲು ಸದ್ದಾದಾಗಲೆಲ್ಲ ಮೂಗು ಎತ್ತಿದೆ. ಬಂದದ್ದು ಚಾ, ಫೈಲು, ಮತ್ತೆ ಚಾ.

ಸಭೆ ಮುಗಿದ ಮೇಲೆ ಮೆಟ್ಟಿಲಲ್ಲಿ ರಝಾಕನನ್ನು ತಡೆದೆ. ನಿಮ್ಮ ಬದಿಯ ಬೀದಿದೀಪ ಒಂದೂ ಉರಿಯುವುದಿಲ್ಲವಂತೆ, ಐಸಮ್ಮನಿಗೆ ಬಂದು ಗಲಾಟೆ ಮಾಡಲು ಹೇಳು ಎಂದೆ.

"ಎಲ್ಲ ಉರೀತದೆ ಅಜ್ಜಿ, ಮೊನ್ನೆಯಷ್ಟೇ ಹೊಸತು ಹಾಕಿಸಿದ್ದು."

"ಉರಿಯಲಿ ಮಾರಾಯ. ಅವಳಿಗೆ ಹೇಳು."

ಅವನು ನನ್ನ ಮುಖ ನೋಡಿ ತಲೆ ಆಡಿಸಿ ಹೋದ. ಉತ್ತರ ಬೇಡದೆ ಪ್ರಶ್ನೆ ಕೇಳುವವರೆಂದು ಆ ಸದಸ್ಯರನ್ನು ಬೈದವಳು ನಾನು. ಈಗ ದಿನಾ ಬೆಳಿಗ್ಗೆ ನೀಲಿ ಟ್ಯಾಂಕ್ ನೋಡುತ್ತಾ, ಊರಿನಲ್ಲಿ ಇನ್ನೂ ಏನೇನು ಸರಿಯಿಲ್ಲ ಎಂದು ಹುಡುಕುತ್ತಾ ಕೂತಿದ್ದೇನೆ. ನೀರು ಕೂಡ ಸರಿಯಾಗಿ ಬರುತ್ತಿದೆ, ಏನು ಮಾಡುವುದು.